ಮೂವರು ಜಾಂ-ಬಾತಿಸ್ತರಲ್ಲಿ ನಮ್ಮವನನ್ನು ಹಿಡಿದ ಬಗೆ

ವಿಧುರನ ಮರುಮದುವೆಯ ದಾಖಲೆಯಲ್ಲಿ ಅವನ ತಂದೆ-ತಾಯಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಸತ್ತ ಹೆಂಡತಿಯ ಹೆಸರು ಬರೆದು ಪಾದ್ರಿ ಮುಂದೆ ಹೋಗಿಬಿಡುತ್ತಾನೆ. ಕೆನಡಾದ ಫ್ರೆಂಚ್ ಪ್ರಾಂತ ಕ್ವಿಬೆಕ್‌ನ ಚರ್ಚ್ ದಫ್ತರಗಳಲ್ಲಿ ಕೈಯಾಡಿಸಿದವರಿಗೆಲ್ಲ ಈ ತೊಡಕು ಗೊತ್ತು. ನನ್ನ ಹೆಂಡತಿಯ ತಾಯಿಯ ತವರು ಅಲ್ಲಿನ ಕಮುರಾಸ್ಕಾ. ಸೇಂಟ್ ಲಾರೆನ್ಸ್ ನದಿಯ ದಕ್ಷಿಣ ದಂಡೆಯ ರೈತ ಮನೆತನ. ಅವರ ವಂಶವೃಕ್ಷ 1790ರ ಆಸುಪಾಸಿನಲ್ಲಿ ಇಂಥದೇ ಮರುಮದುವೆಗೆ ಬಂದು ನಿಂತಿತ್ತು. ಮೊದಲ ಮದುವೆಯ ಪುಟ ಚರ್ಚಿನ ಪ್ರತಿಯಲ್ಲೂ ಇಲ್ಲ, ಸರ್ಕಾರಕ್ಕೆ ಸಲ್ಲಿಸಿದ ಪ್ರತಿಯಲ್ಲೂ ಇಲ್ಲ. ಅದೇ ಕುಲನಾಮದ, ಹೆಚ್ಚುಕಡಿಮೆ ಅದೇ ವಯಸ್ಸಿನ ಜಾಂ-ಬಾತಿಸ್ತ ಎಂಬ ಹೆಸರಿನವರು ಮೂವರು ಅಕ್ಕಪಕ್ಕದ ಊರುಗಳಲ್ಲಿ. ಮರುಮದುವೆಯಾದವನು ಇವರಲ್ಲಿ ಯಾರು? ಇದು ಬಗೆಹರಿಯುವಂಥದ್ದಲ್ಲ ಎಂದು ವೃತ್ತಿಪರ ಸಂಶೋಧಕರೊಬ್ಬರೂ ಕೈಚೆಲ್ಲಿದರು. ಸುಮಾರು ಆರುನೂರು ಡಾಲರ್ ಅಲ್ಲಿಗೆ ಹೋಯಿತು.

ಪಾದ್ರಿ ತಾಂಗ್ವೆ ಬರೆದ ಫ್ರೆಂಚ್ ಕೆನಡಾದ ಮನೆತನಗಳ ವಂಶಾವಳಿ ಕೋಶದ ಏಳು ಸಂಪುಟಗಳು 1760ರ ದಶಕದ ಹೊತ್ತಿಗೆ ಕೈಬಿಡುತ್ತವೆ. ಚರ್ಚ್ ದಾಖಲೆಗಳ ಚಿತ್ರಗಳಿರುವ ದ್ರುವಾಂ ಸಂಗ್ರಹಕ್ಕೆ ವರ್ಷಕ್ಕೆ ನೂರು ಡಾಲರ್ ಆಸುಪಾಸು ಕಟ್ಟಿದೆ. ಚಿತ್ರಗಳು ಸಿಕ್ಕವು, ಉತ್ತರ ಸಿಗಲಿಲ್ಲ. ಹೆಂಡತಿಯ ಸೋದರಮಾವನಿಂದ ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತುವಿನ ಪರೀಕ್ಷೆಯನ್ನೂ ಮಾಡಿಸಿದೆ. ಇನ್ನೂರಕ್ಕೂ ಹೆಚ್ಚು ಡಾಲರ್. ಮೂವರೂ ದಾಯಾದಿಗಳಾದ್ದರಿಂದ ಅವರನ್ನು ಬೇರ್ಪಡಿಸಲು ಅದರಿಂದ ಸಾಧ್ಯವೇ ಇರಲಿಲ್ಲ. ಅಂತರ್ಜಾಲದ ವಂಶವೃಕ್ಷಗಳ ಮಾತು ಬೇಡ: ಒಬ್ಬರು ಊಹಿಸಿದ್ದನ್ನು ಇಪ್ಪತ್ತು ಮಂದಿ ನಕಲು ಮಾಡಿರುತ್ತಾರೆ.

ಬೀಗ ತೆರೆದದ್ದು ಮರುಮದುವೆಯ ದಾಖಲೆಯಲ್ಲಿ ಎಲ್ಲರೂ ಓದಿ ಬಿಟ್ಟಿದ್ದ ಅರ್ಧ ಸಾಲು. ವಧೂವರರಿಗೆ ಮೂರನೆಯ ದರ್ಜೆಯ ರಕ್ತಸಂಬಂಧವಿದ್ದು, ಮದುವೆಗೆ ಚರ್ಚಿನ ವಿನಾಯಿತಿ ಸಿಕ್ಕಿದೆ ಎಂದು ಪಾದ್ರಿ ಬರೆದಿದ್ದ. ಅಂದರೆ ಇಬ್ಬರಿಗೂ ಮುತ್ತಜ್ಜ-ಮುತ್ತಜ್ಜಿಯ ಒಂದು ಜೋಡಿ ಸಮಾನ. ವಧುವಿಗೆ ಅಂಥ ಜೋಡಿಗಳು ನಾಲ್ಕು. ಅವಳ ತಂದೆ-ತಾಯಿಯ ಹೆಸರಿದ್ದುದರಿಂದ ನಾಲ್ಕನ್ನೂ ಕಟ್ಟಿಕೊಂಡೆ. ಆಮೇಲೆ ಮೂವರು ಜಾಂ-ಬಾತಿಸ್ತರಿಗೂ ನಾಲ್ಕು ನಾಲ್ಕು ಜೋಡಿ. ತಂದೆಯ ಕಡೆಯಿಂದ ಏನೂ ಹೊಂದಲಿಲ್ಲ. ಹೊಂದಿದ್ದು ತಾಯಿಯ ಕಡೆ, ಅದೂ ಒಬ್ಬನಿಗೆ ಮಾತ್ರ. ಮದುವೆಯಾದ ಮೇಲೂ ಹೆಣ್ಣನ್ನು ತವರಿನ ಕುಲನಾಮದಲ್ಲೇ ಬರೆಯುತ್ತಿದ್ದರಿಂದ ಈ ಲೆಕ್ಕ ಸಾಧ್ಯವಾಯಿತು.

ಅಷ್ಟಕ್ಕೆ ನಾನು ಒಪ್ಪುವವನಲ್ಲ. ಬ್ರಿಟಿಷರು ಬಂದ ಮೇಲೂ 1774ರ ಕ್ವಿಬೆಕ್ ಕಾಯ್ದೆ ಫ್ರೆಂಚ್ ಸಿವಿಲ್ ಕಾನೂನನ್ನು ಉಳಿಸಿತು. ರೈತರು ಎಲ್ಲದಕ್ಕೂ ನೋಟರಿಯ ಬಳಿ ಹೋಗುತ್ತಲೇ ಇದ್ದರು. ಪ್ರಾಂತೀಯ ದಫ್ತರಖಾನೆಯ ತಾಣದಲ್ಲಿ ನೋಟರಿ ಪತ್ರಗಳ ಚಿತ್ರಗಳು ಉಚಿತ. ಚಳಿಗಾಲದ ರಾತ್ರಿಗಳೆಲ್ಲ ಅದರಲ್ಲೇ ಕಳೆದವು. ಯಾವ ನೋಟರಿಯ ಕಟ್ಟನ್ನು ಮೊದಲು ಬಿಚ್ಚಬೇಕು ಎಂದು ಕಂಡುಕೊಂಡ ದಾರಿಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೆರಡು ಮನೆತನಗಳ ಮೇಲೆ ಅದನ್ನು ಪರೀಕ್ಷಿಸುವುದಿದೆ. ಸಿಕ್ಕಿದ್ದು ದಾನಪತ್ರ. ಮುದುಕ ತಂದೆ ಜಮೀನನ್ನು ಮಗನಿಗೆ ಬಿಟ್ಟುಕೊಡುತ್ತಾನೆ. ಬದಲಿಗೆ ಮಗ ವರ್ಷವರ್ಷವೂ ಗೋಧಿ, ಕೊಬ್ಬಿದ ಒಂದು ಹಂದಿ, ತಂಬಾಕು, ಬಾಗಿಲಿಗೆ ತಂದು ಹಾಕಿದ ಸೌದೆ ಕೊಡಬೇಕು. ಕೊಟ್ಟ ಹಸು ಸತ್ತರೆ ಇನ್ನೊಂದು ತರಬೇಕು. ಭಾನುವಾರ ಚರ್ಚಿಗೆ ಗಾಡಿ ಕಟ್ಟಬೇಕು, ಸತ್ತ ಮೇಲೆ ಪೂಜೆ ಮಾಡಿಸಬೇಕು. ಆ ಮಗನ ಹೆಸರಿನ ಪಕ್ಕದಲ್ಲೇ ಮೊದಲ ಹೆಂಡತಿಯ ಹೆಸರು, ಸ್ಪಷ್ಟವಾಗಿ. ವಿನಾಯಿತಿಯ ಲೆಕ್ಕ ತೋರಿಸಿದ್ದ ಜಾಂ-ಬಾತಿಸ್ತನೇ ಅವನು.

ನಡುವೆ ಅಮೆರಿಕದ ಕಡೆಗೂ ಹೊರಳಿದೆ. ಗಿರಣಿ ಕೆಲಸಕ್ಕೆ ನ್ಯೂ ಇಂಗ್ಲೆಂಡಿಗೆ ಹೋದವರಲ್ಲಿ ಬ್ವಾವೇರ್‌ಗಳು (ಫ್ರೆಂಚಿನಲ್ಲಿ ‘ಹಸಿರು ಕಾಡು’) ಗ್ರೀನ್‌ವುಡ್‌ಗಳಾದಂತೆ, ನಮ್ಮ ಒಂದು ಶಾಖೆಯೂ ಕುಲನಾಮ ಬದಲಿಸಿಕೊಂಡಿದೆ. ಅದನ್ನು ಅರ್ಧಕ್ಕೆ ಬಿಟ್ಟಿದ್ದೇನೆ.

ಜಾಂ-ಬಾತಿಸ್ತನಿಂದ ಹಿಂದಕ್ಕೆ ದಾರಿ ಸಲೀಸು. ಮದುವೆಯಿಂದ ಮದುವೆಗೆ ಹತ್ತಿ ಒಂದೇ ವಾರಾಂತ್ಯದಲ್ಲಿ ಕ್ವಿಬೆಕ್ ನಗರದ ಬಳಿಯ ಓರ್ಲೆಯಾನ್ ದ್ವೀಪ ಮುಟ್ಟಿದೆ. 1667ರ ಜನಗಣತಿಯಲ್ಲಿ ಮೂಲಪುರುಷ ಹೆಂಡತಿ-ಮಕ್ಕಳೊಂದಿಗೆ ಇದ್ದಾನೆ: ನಾಲ್ಕೋ ಐದೋ ದನ, ಹತ್ತು ಹನ್ನೆರಡು ಆರ್ಪಾಂ (ಆಗಿನ ಫ್ರೆಂಚ್ ಭೂ ಅಳತೆ) ಸಾಗುವಳಿ ಭೂಮಿ. ಕೈಚೆಲ್ಲಿದ್ದ ಸಂಶೋಧಕರಿಗೆ ಮರುಮದುವೆಯ ದಾಖಲೆ, ದಾನಪತ್ರ ಎರಡರ ಪ್ರತಿಯನ್ನೂ ಕಳಿಸಿದೆ. ಒಪ್ಪಿಕೊಂಡು ಉತ್ತರ ಬರೆದರು.