ರ್ಯಾಕ್‌ಗೆ ಯುಪಿಎಸ್ ಕೂರಿಸುವಾಗ ನಾನು ಪಾಲಿಸುವ ಕ್ರಮ

ರ್ಯಾಕ್‌ನಲ್ಲಿರುವ (ಸರ್ವರ್‌ಗಳನ್ನು ಒಂದರ ಮೇಲೊಂದು ಕೂರಿಸುವ ಚೌಕಟ್ಟು) ಉಳಿದ ಪೆಟ್ಟಿಗೆಗಳೆಲ್ಲ ಕರೆಂಟ್ ತೆಗೆದುಕೊಳ್ಳುವಂಥವು. ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಒಂದೇ ಕೊಡುವಂಥದ್ದು. ಪ್ಲಗ್ ಕಿತ್ತರೆ ಸರ್ವರ್ ಆರಿಹೋಗುತ್ತದೆ, ಯುಪಿಎಸ್ ಆರುವುದಿಲ್ಲ. ಸಾಮಾನ್ಯವಾದ 3 ಕೆವಿಎ (ಯುಪಿಎಸ್ ಸಾಮರ್ಥ್ಯದ ಅಳತೆ) ಯಂತ್ರದೊಳಗೆ 12 ವೋಲ್ಟ್‌ನ ಆರು ಬ್ಯಾಟರಿ ಸರಣಿಯಲ್ಲಿದ್ದರೆ 72 ವೋಲ್ಟ್ ಡಿಸಿ ಸದಾ ಕಾದು ಕೂತಿರುತ್ತದೆ. ಹಾಗಾಗಿ ಕೈ ಹಾಕುವ ಮೊದಲು ಉಂಗುರ, ಗಡಿಯಾರ ತೆಗೆದಿಡುತ್ತೇನೆ. ಸ್ಪ್ಯಾನರ್, ಸ್ಕ್ರೂ ಡ್ರೈವರ್ ಇನ್ಸುಲೇಶನ್ ಇರುವಂಥದ್ದೇ ಆಗಬೇಕು.

ಮೊದಲ ಕೆಲಸ ಲೆಕ್ಕ. ಸರ್ವರ್ ಹಿಂದಿನ ಫಲಕದಲ್ಲಿ ಬರೆದಿರುವುದು ಪವರ್ ಸಪ್ಲೈನ ಗರಿಷ್ಠ ಸಾಮರ್ಥ್ಯ, ನಿಜವಾಗಿ ಎಳೆಯುವ ವಾಟ್ ಅಲ್ಲ. ಮೀಟರ್ ಹಾಕಿ ಕೆಲಸದ ಹೊತ್ತಿನಲ್ಲಿ ಅಳೆಯುತ್ತೇನೆ. ತಲಾ 350 ವಾಟ್‌ನ ಮೂರು ಸರ್ವರ್, 250 ವಾಟ್‌ನ ಸ್ಟೋರೇಜ್, 100 ವಾಟ್‌ನ ಸ್ವಿಚ್ ಸೇರಿದರೆ 1400 ವಾಟ್. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ಎಷ್ಟು ಪಾಲು ವಾಟ್ ಆಗಿ ಸಿಗುತ್ತದೆ ಎಂಬ ಲೆಕ್ಕ) 0.9 ಇರುವ 3 ಕೆವಿಎ ಯುಪಿಎಸ್ ಕೊಡುವುದು 2700 ವಾಟ್. ಅಂದರೆ ಅರ್ಧಕ್ಕಿಂತ ತುಸು ಹೆಚ್ಚು ಲೋಡ್, ಸರಿಯಾದ ಜಾಗ. 80 ಪ್ರತಿಶತ ದಾಟಿದರೆ ಮುಂದಿನ ಗಾತ್ರಕ್ಕೆ ಹೋಗುವುದೇ ಮೇಲು. ಬ್ಯಾಕಪ್ ಸಮಯದ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಬೇಕು. ಬ್ಯಾಟರಿ 72 ವೋಲ್ಟ್, 9 ಎಎಚ್ (ಆಂಪಿಯರ್-ಅವರ್) ಎಂದರೆ ಕಾಗದದ ಮೇಲೆ 648 ವಾಟ್-ಅವರ್. ಆದರೆ 9 ಎಎಚ್ ಎಂಬುದು 20 ಗಂಟೆ ನಿಧಾನವಾಗಿ ಎಳೆದಾಗಿನ ಲೆಕ್ಕ. 1400 ವಾಟ್ ಒಮ್ಮೆಗೇ ಎಳೆದರೆ ಅದರ ಅರ್ಧ ಸಿಕ್ಕರೆ ಹೆಚ್ಚು.

230 ವೋಲ್ಟ್‌ನಲ್ಲಿ 2700 ವಾಟ್‌ಗೇ ಸುಮಾರು 12 ಆಂಪಿಯರ್ ಬೇಕು. ಅದರ ಮೇಲೆ ಚಾರ್ಜರ್ ಮತ್ತು ನಷ್ಟದ ಪಾಲು. ಆದ್ದರಿಂದ ಈ ಯಂತ್ರಕ್ಕೆಂದೇ ಪ್ರತ್ಯೇಕ 16 ಆಂಪಿಯರ್ ಲೈನ್, ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್). ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಪ್ಲಗ್ ಇಲ್ಲದೆ ನೇರ ವೈರಿಂಗ್ ಕೇಳುವ ದೊಡ್ಡ ಯುಪಿಎಸ್ ಆದರೆ ಅದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ.

ಸಾಕೆಟ್ ಅನ್ನು ಮಲ್ಟಿಮೀಟರ್‌ನಿಂದ ಮೂರು ಸಲ ಅಳೆಯುತ್ತೇನೆ. ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ಥ್ ಹೆಚ್ಚುಕಡಿಮೆ ಒಂದೇ ಇರಬೇಕು. ನ್ಯೂಟ್ರಲ್-ಅರ್ಥ್ ನಡುವೆ 2-3 ವೋಲ್ಟ್ ಮೀರಬಾರದು. ಅಲ್ಲಿ ಲೋಡ್ ಹರಿಯುತ್ತಿರುವಾಗಲೂ ಸೊನ್ನೆಯೇ ತೋರಿಸಿದರೆ ಖುಷಿಪಡುವ ವಿಷಯವಲ್ಲ: ಯಾರೋ ಸಾಕೆಟ್ ಹಿಂದೆಯೇ ನ್ಯೂಟ್ರಲ್ ಮತ್ತು ಅರ್ಥನ್ನು ಜೋಡಿಸಿರುವ ಸಾಧ್ಯತೆ ಇದೆ, ಬಿಚ್ಚಿಸಿ ನೋಡಿಸಬೇಕು. ಮೀಟರ್‌ಗೆ ಒಂದು ಮಿತಿಯೂ ಇದೆ. ತೆಳುವಾಗಿ ತಾಗಿಕೊಂಡಿರುವ ಅರ್ಥ್ ತಂತಿಯೂ ಅದರಲ್ಲಿ ಸರಿಯಾದ ವೋಲ್ಟೇಜ್ ತೋರಿಸಬಲ್ಲದು. ಅನುಮಾನ ಬಂದರೆ ಅರ್ಥ್ ದಾರಿ ನಿಜಕ್ಕೂ ಗಟ್ಟಿಯಾಗಿದೆಯೇ ಎಂದು ಅಳೆಯುವ ಲೂಪ್ ಟೆಸ್ಟರ್ ಇರುವವರನ್ನು ಕರೆಸುತ್ತೇನೆ.

ಇನ್ನು ಭಾರ. 2ಯು (ಯು ಎಂಬುದು ರ್ಯಾಕ್‌ನಲ್ಲಿ ಎತ್ತರದ ಅಳತೆ) ಯಂತ್ರವೇ 30 ಕಿಲೋ ಆಸುಪಾಸು ತೂಗಬಹುದು, ಹೊರಗಿನ ಬ್ಯಾಟರಿ ಪ್ಯಾಕ್ ಅದಕ್ಕೂ ಹೆಚ್ಚು. ಪ್ಯಾಕ್ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಯುಪಿಎಸ್, ಆಮೇಲೆ ಉಳಿದದ್ದು. ರ್ಯಾಕ್‌ನ ಕಾಲುಗಳು ನೆಲಕ್ಕೆ ಕೂತಿರಬೇಕು, ಚಕ್ರದ ಮೇಲೆ ನಿಂತಿರಬಾರದು. ಮುಂದಕ್ಕೆ ವಾಲದಂತೆ ತಡೆಯುವ ಆಧಾರ ಇದ್ದರೆ ಮೊದಲೇ ಹಾಕಿಬಿಡಬೇಕು.

ತಪ್ಪು ಹೆಚ್ಚಾಗಿ ಆಗುವುದು ರೈಲಿನಲ್ಲಿ, ಅಂದರೆ ಯಂತ್ರವನ್ನು ಜಾರಿಸಿ ಕೂರಿಸುವ ಲೋಹದ ಪಟ್ಟಿಯಲ್ಲಿ. ಒಂದು ಯು ಎಂದರೆ 44.45 ಮಿ.ಮೀ., ಅದರಲ್ಲಿ ಮೂರು ತೂತು. ತೂತುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ: 15.9, 15.9, ಆಮೇಲೆ 12.7 ಮಿ.ಮೀ. ಆ ಚಿಕ್ಕ ಅಂತರದ ನಡುವೆಯೇ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಇದನ್ನು ಗಮನಿಸದೆ ಮುಂದೊಂದು, ಹಿಂದೊಂದು ತೂತು ಹಿಡಿದರೆ ರೈಲು ಓರೆಯಾಗಿ ಯಂತ್ರ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ನಾಲ್ಕೂ ಕಂಬಗಳ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿದ ಮೇಲೆಯೇ ಕೇಜ್ ನಟ್ (ತೂತಿಗೆ ಸಿಕ್ಕಿಸುವ ಸ್ಪ್ರಿಂಗ್ ಕವಚದ ನಟ್) ಕೂರಿಸುತ್ತೇನೆ, ಅದೂ ಅದರ ಕೊಕ್ಕೆ ಸಾಧನದಿಂದ. ಬೆರಳಿನಿಂದ ಒತ್ತಿದರೆ ಚರ್ಮ ಹೋಗುತ್ತದೆ. ಬೋಲ್ಟ್‌ಗಳು ಮೊದಲು ಕೈಬಿಗಿ. ಯಂತ್ರ ಸಲೀಸಾಗಿ ಒಳಗೆ ಹೋಗಿ ಕೂತ ಮೇಲೆ ಪೂರ್ತಿ ಬಿಗಿಯುವುದು. ಭಾರ ಹೊರಬೇಕಾದ್ದು ರೈಲು. ಮುಂದಿನ ಕಿವಿಗಳು (ಎರಡೂ ಬದಿಗೆ ಚಾಚಿದ ಸ್ಕ್ರೂ ತೂತಿನ ಪಟ್ಟಿಗಳು) ಯಂತ್ರ ಜಾರಿ ಹೊರಬರದಂತೆ ಹಿಡಿಯುವುದಕ್ಕೆ ಮಾತ್ರ. ನಾಲ್ಕು ಸ್ಕ್ರೂಗಳಿಗೆ ಯುಪಿಎಸ್ ನೇತುಹಾಕಿದರೆ ಕಿವಿ ಬಾಗುವುದು ಖಂಡಿತ.

ಎತ್ತುವ ಮೊದಲು ಮುಂದಿನ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಟ್ರೇ ಹೊರಗೆಳೆಯುತ್ತೇನೆ. ಭಾರ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಆದರೂ ಇಬ್ಬರು ಬೇಕು. ಯಂತ್ರ ಕೂತ ನಂತರ ಟ್ರೇ ಒಳಗೆ ಸೇರಿಸಿ, ಕನೆಕ್ಟರನ್ನು ಒಂದೇ ಒತ್ತಿಗೆ ಪೂರ್ತಿ ಹಾಕಬೇಕು. ಒಳಗಿನ ಕೆಪ್ಯಾಸಿಟರ್ ತುಂಬಿಕೊಳ್ಳುವಾಗ ಸಣ್ಣ ಕಿಡಿ ಹಾರುವುದುಂಟು. ಹೆದರಿ ಅರ್ಧಕ್ಕೆ ಹಿಂದೆಳೆದರೆ ಕಿಡಿ ಇನ್ನೂ ದೊಡ್ಡದಾಗಿ ಕನೆಕ್ಟರ್ ಸುಡುತ್ತದೆ.

ನನ್ನ ಕ್ರಮ ಹೀಗೆ: ಮೊದಲು ರ್ಯಾಕ್ ಮತ್ತು ಯಂತ್ರದ ಮೈಗೆ ಅರ್ಥ್ ತಂತಿ, ನಂತರ ಬ್ಯಾಟರಿ, ಆಮೇಲೆ ಇನ್‌ಪುಟ್. ಔಟ್‌ಪುಟ್‌ಗೆ ಏನನ್ನೂ ಸಿಕ್ಕಿಸದೆ ಆನ್ ಮಾಡಿ ವೋಲ್ಟೇಜ್ ಅಳೆದು, ಲೋಡ್‌ಗಳನ್ನು ಒಂದೊಂದಾಗಿ ಸೇರಿಸುವುದು. ಆನ್ ಆಗದೇ ಇದ್ದರೆ ಯಂತ್ರ ಕೆಟ್ಟಿದೆ ಎನ್ನುವ ಮುಂಚೆ ಹಿಂಬದಿಯ ತುರ್ತು ನಿಲುಗಡೆ ಕನೆಕ್ಟರ್ ನೋಡಿ. ಕೆಲವು ಮಾದರಿಗಳು ಅಲ್ಲಿನ ಜಂಪರ್ (ಎರಡು ತುದಿ ಸೇರಿಸುವ ತುಂಡು ತಂತಿ) ಇಲ್ಲದಿದ್ದರೆ ಏಳುವುದೇ ಇಲ್ಲ. ಲೇಸರ್ ಪ್ರಿಂಟರ್ ಇದರ ಔಟ್‌ಪುಟ್‌ಗೆ ಬರಬಾರದು. ಎರಡು ಪವರ್ ಸಪ್ಲೈ ಇರುವ ಸರ್ವರ್‌ಗಳನ್ನು ಎರಡು ಯುಪಿಎಸ್‌ಗೆ ಹಂಚಿದ್ದರೆ ಪ್ರತಿಯೊಂದರ ಲೋಡ್ 40 ಪ್ರತಿಶತದೊಳಗಿರಲಿ. ಒಂದು ಬಿದ್ದ ಕ್ಷಣ ಅಷ್ಟೂ ಭಾರ ಇನ್ನೊಂದರ ತಲೆಯ ಮೇಲೆ.

ಒಂದು ದಿನ ಚಾರ್ಜ್ ಆದ ಮೇಲೆ ಪರೀಕ್ಷೆ. ಇಲ್ಲಿ ಬಹುತೇಕರು ಪ್ಲಗ್ ಕೀಳುತ್ತಾರೆ. ಕೀಳಬಾರದು, ಎಂಸಿಬಿ ಇಳಿಸಬೇಕು. ಪ್ಲಗ್ ಕಿತ್ತರೆ ಫೇಸ್ ಜೊತೆ ಅರ್ಥ್ ಕೂಡ ಹೋಗುತ್ತದೆ. ಯುಪಿಎಸ್ ಮಾತ್ರ ಔಟ್‌ಪುಟ್ ಕೊಡುತ್ತಲೇ ಇರುತ್ತದೆ, ಪ್ರತಿ ಉಪಕರಣದ ಫಿಲ್ಟರ್‌ನಿಂದ ಸೋರುವ ಮಿಲಿಆಂಪಿಯರ್‌ಗಳಿಗೆ ದಾರಿ ಇಲ್ಲವಾಗುತ್ತದೆ. ಆಗ ರ್ಯಾಕ್ ಮುಟ್ಟಿದವರ ಮೈಯೇ ದಾರಿ. ಅರ್ಥ್ ತಂತಿ ಪ್ರತ್ಯೇಕವಾಗಿ ಬೋಲ್ಟ್ ಆಗಿರಲಿ ಎನ್ನುವುದೂ ಇದಕ್ಕೇ.

ಬ್ಯಾಟರಿ ಮುಗಿಯುವ ಮೊದಲು ಸರ್ವರ್‌ಗಳನ್ನು ಕ್ರಮವಾಗಿ ಆರಿಸುವ ಶಟ್‌ಡೌನ್ ಸಾಫ್ಟ್‌ವೇರ್‌ಗೆ ನಾನು ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಬಳಸುತ್ತೇನೆ. ಯುಎಸ್‌ಬಿ ಕೇಬಲ್ ಒಂದು ಸರ್ವರ್‌ಗೆ, ಉಳಿದವಕ್ಕೆ ಸುದ್ದಿ ನೆಟ್‌ವರ್ಕ್ ಮೂಲಕ. ಆ ಸುದ್ದಿ ಹೊರುವ ಸ್ವಿಚ್ಚೇ ಯುಪಿಎಸ್ ಮೇಲಿಲ್ಲದಿದ್ದರೆ ಕರೆಂಟ್ ಹೋದ ಕೂಡಲೇ ಸಂದೇಶವೂ ಸತ್ತಿರುತ್ತದೆ. ಸರ್ವರ್ ಮಲಗುತ್ತಿರುವಾಗಲೇ ಕರೆಂಟ್ ಬಂದುಬಿಟ್ಟರೆ ಮತ್ತೆ ಎಬ್ಬಿಸುವವರಿಲ್ಲ; ಅದಕ್ಕೆ ಕೊನೆಯಲ್ಲಿ ಯುಪಿಎಸ್ ಔಟ್‌ಪುಟ್ ಕಡಿದು ಮತ್ತೆ ಕೊಡುವಂತೆ, ಸರ್ವರ್‌ನ ಬಯಾಸ್‌ನಲ್ಲಿ (ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗ್) ಕರೆಂಟ್ ಬಂದಾಗ ಏಳುವಂತೆ, ಎರಡನ್ನೂ ಹೊಂದಿಸಬೇಕು.

ಬ್ಯಾಟರಿ ಹಾಕಿದ ದಿನಾಂಕವನ್ನು ಮುಚ್ಚಳದ ಮೇಲೇ ಅಂಟಿಸುತ್ತೇನೆ. ಸೀಲ್ಡ್ ಸೀಸದ ಬ್ಯಾಟರಿಗಳ ಬಾಳಿಕೆ 3ರಿಂದ 5 ವರ್ಷ, ಅದೂ 25 ಡಿಗ್ರಿ ಆಸುಪಾಸಿನಲ್ಲಿ. 10 ಡಿಗ್ರಿ ಏರಿದರೆ ಅರ್ಧಕ್ಕೆ ಇಳಿಯುತ್ತದೆ. ಬದಲಿಸುವಾಗ ಇಡೀ ಸರಣಿಯನ್ನೇ ಬದಲಿಸಬೇಕು, ಹೊಸದರ ಜೊತೆ ಹಳೆಯದು ಬೆರೆಯಬಾರದು. ಬ್ಯಾಟರಿ ಉಬ್ಬಿ ಟ್ರೇ ಸಿಕ್ಕಿಕೊಂಡಿದ್ದರೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ. ಲೋಡ್ ಬೇರೆಡೆಗೆ ಸಾಗಿಸಿ, ಯುಪಿಎಸ್ ಪೂರ್ತಿ ಆಫ್ ಮಾಡಿ, ಕನೆಕ್ಟರ್ ಬಿಡಿಸಿ, ಇಡೀ ಯಂತ್ರವನ್ನೇ ರೈಲಿನಿಂದ ಇಳಿಸಿ ಮೇಲಿನ ಮುಚ್ಚಳ ಬಿಚ್ಚಿ ತೆಗೆಯಬೇಕು.