ಚೀಟಿ ಬರೆದು ಕಳಿಸುವುದು ಬಿಟ್ಟ ಮೇಲೆ

ಶುಗರ್, ಬಿಪಿ, ಡಿಪ್ರೆಶನ್ ಮೂರನ್ನೂ ಒಬ್ಬ ನರ್ಸ್ ಕೈಗೆ ಕೊಟ್ಟರೆ ಮೂರೂ ಕೆಡುತ್ತವೆ ಎಂದವರು ನಮ್ಮಲ್ಲೇ ಇದ್ದರು. ಕೆಡಲಿಲ್ಲ. ಎರಡು ವರ್ಷದ ಹತ್ತಿರ ಆಯಿತು, ಈಗ ಅವರೇ ತಮ್ಮ ರೋಗಿಗಳನ್ನು ನನ್ನ ಲಿಸ್ಟಿಗೆ, ಅಂದರೆ ನಾನು ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವವರ ಪಟ್ಟಿಗೆ, ಸೇರಿಸಿಕೊಳ್ಳಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ನರ್ಸ್ ಪ್ರಾಕ್ಟಿಷನರ್, ಔಷಧಿ ಬರೆಯುವ ಅಧಿಕಾರ ಇದೆ. ಇಲ್ಲಿ ಸ್ಕೋರ್ ಅಂದರೆ ಪಿಎಚ್‌ಕ್ಯೂ-9 ಸ್ಕೋರ್. ಅದು ಡಿಪ್ರೆಶನ್ ಅಳೆಯುವ ಒಂಬತ್ತು ಪ್ರಶ್ನೆಗಳ ಕಾಗದ, ಸ್ಕೋರ್ ಏರಿದಷ್ಟೂ ಡಿಪ್ರೆಶನ್ ಹೆಚ್ಚು.

ಮೊದಲು ಸ್ಕೋರ್ 10 ದಾಟಿದರೆ ಸೈಕಿಯಾಟ್ರಿಗೆ ಚೀಟಿ ಬರೆದು ಕಳಿಸುತ್ತಿದ್ದೆವು. ಸುಮಾರು ಅರ್ಧ ಜನ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಹೋದವರ ಕಥೆ ನಮಗೆ ತಿಳಿಯುತ್ತಿರಲಿಲ್ಲ. ಆರು ತಿಂಗಳ ಮೇಲೆ ಅದೇ ಮನುಷ್ಯ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) 10 ಮಾಡಿಕೊಂಡು ಬರುತ್ತಿದ್ದರು. ಇನ್ಸುಲಿನ್ ಜಾಸ್ತಿ ಮಾಡಿ ಕಳಿಸುತ್ತಿದ್ದರು ಅಷ್ಟೇ. ಮಾತ್ರೆ ನುಂಗುವ ಮನಸ್ಸಾದರೂ ಇದೆಯಾ ಅಂತ ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ಸೈಕಿಯಾಟ್ರಿಸ್ಟರನ್ನೇ ವಾರಕ್ಕೊಮ್ಮೆ ಕರೆಸಿದೆವು. ದುಡ್ಡು ಪೂರ್ತಿ ಅಲ್ಲೇ ಕರಗಿತು. ಹೆಸರು ಕೊಟ್ಟವರಲ್ಲಿ ಮೂರರಲ್ಲಿ ಒಬ್ಬರು ಬರುತ್ತಿರಲಿಲ್ಲ. ಖಾಲಿ ಕುರ್ಚಿಗೂ ಗಂಟೆ ಲೆಕ್ಕದಲ್ಲಿ ಫೀಸು. ಅರ್ಧ ವರ್ಷಕ್ಕೇ ಅದು ನಿಂತಿತು.

ಈಗ ಸೈಕಿಯಾಟ್ರಿಸ್ಟ್ ರೋಗಿಯನ್ನು ನೋಡುವುದಿಲ್ಲ, ನನ್ನ ಲಿಸ್ಟ್ ನೋಡುತ್ತಾರೆ. ವಾರಕ್ಕೆ ಒಂದು ಗಂಟೆ, ಫೋನಿನಲ್ಲೇ. ಸುಧಾರಿಸುತ್ತಿರುವವರ ಬಗ್ಗೆ ಒಂದು ಮಾತೂ ಇಲ್ಲ, ಸ್ಕೋರ್ ಅಲ್ಲಾಡದವರದ್ದು ಮಾತ್ರ. ಹದಿನೈದು, ಇಪ್ಪತ್ತು ಕೇಸ್ ಮುಗಿಯುತ್ತವೆ. ಮೊದಲು ಅಷ್ಟೇ ದುಡ್ಡಿಗೆ ಮೂವರನ್ನೋ ನಾಲ್ವರನ್ನೋ ನೋಡುತ್ತಿದ್ದರು. ಇದು ನನ್ನ ತಲೆಯಿಂದ ಹುಟ್ಟಿದ್ದೇನಲ್ಲ. 2010ರಲ್ಲಿ ಟೀಮ್‌ಕೇರ್ ಅಂತ ಒಂದು ಟ್ರಯಲ್ (ರೋಗಿಗಳ ಮೇಲಿನ ಅಧ್ಯಯನ) ಬಂತು, ಡಿಪ್ರೆಶನ್ ಜೊತೆ ಶುಗರ್ ಅಥವಾ ಹೃದಯದ ಕಾಯಿಲೆ ಇದ್ದ 214 ಜನರದ್ದು, ಅದರಲ್ಲಿ ನರ್ಸ್‌ಗಳೇ ಇದನ್ನು ಮಾಡಿ ತೋರಿಸಿದ್ದಾರೆ. ಅದರ ಮೇಲೆ ನನ್ನ ಲಿಸ್ಟಿನಲ್ಲಿ ನಾನು ಸೇರಿಸಿದ್ದು ಎರಡು ಕಾಲಂ.

ಒಂದು, ಸೊಂಟದ ಅಳತೆ. ಒಲಾನ್ಜಪೈನ್ (ತೂಕ, ಶುಗರ್ ಏರಿಸಬಲ್ಲ ಮನೋರೋಗದ ಮಾತ್ರೆ) ಶುರುವಾದ ದಿನವೇ ತೂಕ, ಸೊಂಟ, ಬಿಪಿ, ಖಾಲಿ ಹೊಟ್ಟೆಯ ಶುಗರ್, ಲಿಪಿಡ್. ಆಮೇಲೆ 4, 8, 12ನೇ ವಾರ ಮತ್ತೆ ತೂಕ. ಟೇಪು ಪ್ರಶ್ನೆಪತ್ರದ ಡ್ರಾಯರಿನಲ್ಲೇ ಇರುತ್ತದೆ, ಮರೆಯುವ ಹಾಗೇ ಇಲ್ಲ. ಒಬ್ಬರು ಎರಡು ತಿಂಗಳಿಗೆ ಬೆಲ್ಟಿನ ತೂತು ಎರಡು ಹಿಂದೆ ಹೋಗಿದ್ದನ್ನು ತಾವೇ ತೋರಿಸಿದರು. "ಅದಕ್ಕೇ ಮಾತ್ರೆ ಬಿಟ್ಟೆ" ಎಂದರು. ಟೇಪು ಹಿಡಿಯದಿದ್ದರೆ ಕಾಯಿಲೆ ಮರುಕಳಿಸಿತು ಅಂತ ಡೋಸ್ ಏರಿಸುತ್ತಿದ್ದರು, ಅಲ್ವಾ? ಆ ವಾರದ ಫೋನಿನಲ್ಲೇ ತೂಕ ಅಷ್ಟಾಗಿ ಏರಿಸದ ಅರಿಪಿಪ್ರಜೋಲ್‌ಗೆ ಬದಲಾಯಿಸಿ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಸೇರಿಸಿದೆವು.

ಇನ್ನೊಂದು, ಸಿಗರೇಟ್. ಈ ಕಾಲಂ ನೋಡಿ ನಕ್ಕವರಿದ್ದಾರೆ. ಸ್ಕಿಜೋಫ್ರೇನಿಯಾದ ಮದ್ದು ಕ್ಲೋಜಪಿನ್ ತಗೊಳ್ಳುತ್ತಿದ್ದವರೊಬ್ಬರು ಎದೆನೋವಿಗೆ ಹೆದರಿ ದಿಢೀರನೆ ಸಿಗರೇಟ್ ಬಿಟ್ಟರು. ಎರಡು ವಾರದೊಳಗೆ ಹಗಲೆಲ್ಲ ತೂಕಡಿಕೆ, ಬಾಯಲ್ಲಿ ಜೊಲ್ಲು. ಹೊಗೆ ನಿಂತರೆ ಲಿವರ್ ಆ ಮದ್ದನ್ನು ಕರಗಿಸುವ ವೇಗ ಇಳಿದು ಲೆವೆಲ್ ಏರುತ್ತದೆ. ನಿಕೋಟಿನ್ ಪ್ಯಾಚ್ ಹಾಕಿದರೂ ಅಷ್ಟೇ, ಕೆಲಸ ಮಾಡುವುದು ಹೊಗೆ. ಡೋಸ್ ಇಳಿಸಿದ ಮೇಲೆ ಮನುಷ್ಯ ಎದ್ದು ಕೂತರು. ನಕ್ಕವರ ನಗು ನಿಂತಿತು.

ಬಿಲ್ಲಿಂಗ್ ಮಾತ್ರ ಇನ್ನೂ ಗೋಳು. ಒಂದೇ ಭೇಟಿಯಲ್ಲಿ ಬಿಪಿಯನ್ನೂ ಮನಸ್ಸನ್ನೂ ನೋಡಿದರೆ ಕಾಸು ಒಂದಕ್ಕೇ. ಹಾಗಾಗಿ ಮೊದಲ ಭೇಟಿಗೆ ಅರ್ಧ ಗಂಟೆ, ಮಿಕ್ಕಿದ್ದು ಹತ್ತು ನಿಮಿಷದ ಫೋನ್. ಆ ಫೋನಿನಲ್ಲೂ ಒಂದು ಪ್ರಯೋಗ ಮಾಡಿದೆ. ರಾತ್ರಿ ಕ್ವೆಟಿಯಪಿನ್ (ತೂಕಡಿಕೆ ತರುವ ಮನೋರೋಗದ ಮಾತ್ರೆ) ತಗೊಳ್ಳುವವರಿಗೆ ಬೆಳಿಗ್ಗೆ ಕರೆ ಮಾಡಿದರೆ ಎತ್ತುವುದಿಲ್ಲ. ಮಧ್ಯಾಹ್ನದ ಮೇಲೆ ಮಾಡಿದರೆ ಸುಮಾರು ದುಪ್ಪಟ್ಟು ಜನ ಸಿಗುತ್ತಾರೆ. ವಾಕಿಂಗ್ ಗುಂಪು ಕಟ್ಟಿದ್ದೆ, ಅದು ಸುಮ್ನೆ ದಂಡ. ಕೊನೆಗೆ ನಾನೊಬ್ಬಳೇ ನಡೆಯುತ್ತಿದ್ದೆ.

ಒಂಬತ್ತನೇ ಪ್ರಶ್ನೆಯನ್ನು, ಅದೇ, ಸಾಯುವ ಯೋಚನೆಯದ್ದು, ನಾನು ಕಾಗದಕ್ಕೆ ಬಿಡುವುದಿಲ್ಲ. ಬಿಪಿ ಪಟ್ಟಿ ಬಿಚ್ಚುವಾಗ ಬಾಯಲ್ಲೇ ಕೇಳುತ್ತೇನೆ. ಹೇಗೆ ಕೇಳುತ್ತೇನೆ ಅಂತ ಇಲ್ಲಿ ಬರೆಯಲ್ಲ. ಬಂದು ಪಕ್ಕದಲ್ಲಿ ಕೂತು ನೋಡಿ.

ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ: ಆರು ತಿಂಗಳು ಲಿಸ್ಟಿನಲ್ಲಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧ ಜನರ ಸ್ಕೋರ್ ಅರ್ಧಕ್ಕಿಳಿದಿದೆ. ಎಚ್‌ಬಿಎ1ಸಿ ಒಂಬತ್ತರ ಮೇಲಿದ್ದವರಲ್ಲಿ ಸುಮಾರು ಒಂದು ಪಾಯಿಂಟ್ ಕಡಿಮೆ.

ಈಗ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮೇಲಿರುವವರನ್ನೂ ಲಿಸ್ಟಿಗೆ ತರುತ್ತಿದ್ದೇನೆ. ಕಿಡ್ನಿಗೆ ಕ್ರಿಯಾಟಿನಿನ್, ಥೈರಾಯಿಡ್‌ಗೆ ಟಿಎಸ್‌ಎಚ್, ಈ ಪರೀಕ್ಷೆಗಳು ಸಲೀಸು. ಕಷ್ಟ ರಕ್ತದಲ್ಲಿನ ಲಿಥಿಯಂ ಲೆವೆಲ್‌ನದ್ದು. ಕೊನೆ ಡೋಸ್ ಆಗಿ 12 ಗಂಟೆಗೆ ರಕ್ತ ತೆಗೆಯಬೇಕು. ಎಷ್ಟು ಹೇಳಿದರೂ ಬೆಳಗಿನ ಮಾತ್ರೆ ನುಂಗಿಯೇ ಲ್ಯಾಬಿಗೆ ಬರುತ್ತಾರೆ.