ಮೊದಲು ‘ಎಲ್ಲ ಆರಾಮು’, ಆಮೇಲೆ ಮಾತು

ಅಪ್ಪ ಹೋದ ಸುದ್ದಿ ಬಂದದ್ದು ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ, ಫೋನಿನಲ್ಲಿ. ಆಮೇಲೆ ಒಂದೂವರೆ ವರ್ಷ, ಯಾವ ಹೊತ್ತಿನಲ್ಲಿ ರಿಂಗಾದರೂ ಎದೆ ಧಸಕ್ಕೆನ್ನುತ್ತಿತ್ತು. ದೋಸೆ ಹುಯ್ಯುತ್ತಿದ್ದವಳು ಸೌಟು ಹಿಡಿದು ಹಾಗೇ ನಿಂತುಬಿಡುತ್ತಿದ್ದೆ. ಸೀದ ವಾಸನೆ ಬಂದಮೇಲೇ ಎಚ್ಚರ. ಅಜ್ಜಿಯ ಕಾಲದಲ್ಲಿ ಟೆಲಿಗ್ರಾಂ ಬಂತೆಂದರೆ ಬಿಚ್ಚುವ ಮೊದಲೇ ಅಳು ಶುರುವಾಗುತ್ತಿತ್ತಂತೆ. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಿತು, ಆ ಹೆದರಿಕೆ ಮಾತ್ರ ನನ್ನ ಬ್ಯಾಗಿನೊಳಗೆ ಬಂದು ಕೂತಿತು.

ಫೋನನ್ನು ಸೈಲೆಂಟ್‌ಗೆ ಹಾಕಿದೆ. ಎಡವಿದ್ದೇ ಅಲ್ಲಿ. ಸದ್ದಿಲ್ಲದ ಫೋನನ್ನು ಐದೈದು ನಿಮಿಷಕ್ಕೆ ತಿರುಗಿಸಿ ನೋಡುವ ಚಟ ಹತ್ತಿತು. ಒಂದು ದಿನ ಸಾಗರದಿಂದ ಅಮ್ಮ ಏಳು ಸಲ ಮಾಡಿದ್ದಳು. ‘ನೀ ಎತ್ತದೆ ಹೋದ್ರೆ ನಂಗೇ ಗಾಬರಿ ಆಗ್ತದೆ ಮಾರಾಯ್ತಿ’ ಎಂದಳು. ನನ್ನ ರೋಗ ಅವಳಿಗೂ ಅಂಟಿತ್ತು.

ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿದೆ. ಫೋನಿನ ಭಯಕ್ಕೆ ಫೋನಿನಲ್ಲೇ ಪರಿಹಾರ ಕೇಳುವ ಪಾಡು ನೋಡಿ! ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಪ್ಪಿಸಿಕೊಂಡಾಗ ಆ ಗಳಿಗೆಗೆ ಹಾಯೆನಿಸುತ್ತದೆ, ಅದಕ್ಕೇ ಭಯ ಇನ್ನಷ್ಟು ಬಲಿಯುತ್ತದೆ ಎಂದು ಆ ಕಡೆಯವರು ಬಿಡಿಸಿ ಹೇಳಿದರು. ಒಂದು ವಾರ ಬಂದ ಕರೆಗಳನ್ನೆಲ್ಲ ಬರೆದಿಡಿ ಎಂದರು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದೆ. ಒಟ್ಟು 31: ಸಾಲ ಬೇಕಾ ಎನ್ನುವವು 12, ಡೆಲಿವರಿಯವರು 8, ಮನೆಯವರು 7, ಆಫೀಸಿನದು 3, ರಾಂಗ್ ನಂಬರ್ 1. ಕೆಟ್ಟ ಸುದ್ದಿ ಒಂದೂ ಇಲ್ಲ. ಅಷ್ಟಕ್ಕೇ ಭಯ ಓಡಿಹೋಗಲಿಲ್ಲ, ಆದರೆ ವಾದ ಮಾಡಲು ನನ್ನ ಕೈಗೊಂದು ಲೆಕ್ಕ ಸಿಕ್ಕಿತು.

ಮತ್ತೆ ರಿಂಗ್ ಹಾಕಿದೆ, ಆದರೆ ಹಳೆಯ ಟ್ಯೂನ್ ಅಲ್ಲ. 140ರಿಂದ ಶುರುವಾಗುವವು ಜಾಹೀರಾತು, ಅವುಗಳ ಪಾಡಿಗೆ ಬಿಟ್ಟೆ. ಉಳಿದವಕ್ಕೆ ಎರಡೂ ಪಾದ ನೆಲಕ್ಕೂರಿ, ಉಸಿರನ್ನು ನಿಧಾನ ಹೊರಬಿಟ್ಟು, ಮೂರನೇ ರಿಂಗಿಗೆ ಎತ್ತುವುದು. ರಾತ್ರಿ ‘ಡು ನಾಟ್ ಡಿಸ್ಟರ್ಬ್’. ಅಮ್ಮ, ತಮ್ಮನ ನಂಬರಿಗೆ ಮಾತ್ರ ವಿನಾಯಿತಿ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಅಮ್ಮನ ಜೊತೆಗಿನ ಒಪ್ಪಂದ: ಹಲೋಗೂ ಮೊದಲು ‘ಎಲ್ಲ ಆರಾಮು’ ಅನ್ನಬೇಕು. ಆರಾಮಿಲ್ಲದಿದ್ದರೆ ಸುಳ್ಳು ಹೇಳಬಾರದು.

ಹೋದ ವಾರ ಬೆಳಿಗ್ಗೆ ಐದೂವರೆಗೆ ರಿಂಗಾಯಿತು. ಕೈ ತಣ್ಣಗಾಗಿತ್ತು, ಆದರೂ ಎತ್ತಿದೆ.

‘ಎಲ್ಲ ಆರಾಮು. ಅಪ್ಪೆಮಿಡಿ ಬಂದಿದೆ, ನಿಂಗೆ ಎಷ್ಟು ಹಾಕ್ಲಿ?’

ಇನ್ನೂರು ಸಾಕು ಎಂದೆ. ಆರು ಗಂಟೆ ಆದಮೇಲೆ ಕೇಳಿದ್ದರೆ ಆಗುತ್ತಿರಲಿಲ್ಲವಾ ಅಂತಲೂ ಬೈದೆ.